ತುಕ್ಕು ಹಾಡಿದ ಭಾನುವಾರ

ಸೋಮವಾರ ಕಂಪನಿ ಡಾಕ್ಟರು ಪ್ರೆಸ್ ವಿಭಾಗದವರ ಕಿವಿ ಪರೀಕ್ಷೆ ಮಾಡುವುದಿತ್ತು. ಹಿಂದಿನ ದಿನ ಮಧ್ಯಾಹ್ನವೇ 'ತುಕ್ಕು' ಎಂಬ ಪಂಕ್ ತಂಡದ ಅಬ್ಬರದ ಹಾಡು.

ಕಿವಿ ಮಂದವಾಗಿದ್ದು ಯಂತ್ರದಿಂದ ಎಂದಾದರೆ ಕಂಪನಿ ನನ್ನನ್ನು ಪ್ಯಾಕಿಂಗಿಗೆ ಹಾಕಬೇಕು. ಹೊರಗಿನ ಸದ್ದಿನಿಂದ ಎಂದಾದರೆ ಗೇಟಿನಾಚೆ. ಈ ನಿಯಮ ಬರೆದವರ ಕಿವಿಗಳು ಚೆನ್ನಾಗಿವೆ. ಹನ್ನೊಂದು ವರ್ಷ ನಾಲ್ಕನೇ ನಂಬರಿನ ಪ್ರೆಸ್ಸಿನಲ್ಲಿ ತಗಡಿಗೆ ತೂತು ಹೊಡೆದಿದ್ದೇನೆ. ನನ್ನ ಕಿವಿಗೆಂದು ಅವರು ಕೊಟ್ಟದ್ದು ಗೋಡೆಯ ಮೇಲೊಂದು ಬೋರ್ಡು: 'ಕಿವಿಗಳನ್ನು ರಕ್ಷಿಸಿಕೊಳ್ಳಿ.'

"ಇವರಿಗೋಸ್ಕರ ಹತ್ತು ವರ್ಷ ಕಾದಿದೀವಿ. ಪರೀಕ್ಷೆ ಅಂತ ಹೆದರಿ ಮನೇಲಿ ಕೂರ್ತೀಯಾ?" ಎಂದ ತಂತಿ. ಅವನು ನಮ್ಮ ವಿಭಾಗದ ಎಲೆಕ್ಟ್ರಿಷಿಯನ್, ಮೈಯೂ ತಂತಿಯ ಹಾಗೇ.

"ನಿಂದೇನು, ಕತ್ತೆ ಕಿವಿ," ಎಂದರು ಅತ್ತಿಗೆ. ಅಣ್ಣನ ಹೆಂಡತಿ, ನನ್ನ ಪಕ್ಕದ ಪ್ರೆಸ್ಸಿನವರು. "ಇವಳ ಕಿವಿಗೆ ನಾನು ಹತ್ತಿ ತುರುಕ್ತೀನಿ. ನಡಿಯೇ."

ಹಳೆಯ ಗೋದಾಮು. ಬಾಗಿಲಲ್ಲೊಬ್ಬಳು ಟಿಕೆಟ್ ಹರಿದು ಎಲ್ಲರ ಕೈ ಹಿಂಬದಿಗೆ ನೀಲಿ ಮುದ್ರೆ ಒತ್ತುತ್ತಿದ್ದಳು: ಒಂದು ಹಲ್ಲುಚಕ್ರ, ಕೆಳಗೆ 'ತುಕ್ಕು'. ಮೂರು ದಿನ ಹತ್ತಿಯ ಬಗ್ಗೆ ಮಾತಾಡಿದ್ದ ನಾವು ಕೈಯ ಬಗ್ಗೆ ಯೋಚಿಸಿರಲೇ ಇಲ್ಲ. ಒತ್ತಿಸಿಕೊಂಡು ಒಳಗೆ ಹೋದೆವು.

ಹಾಡು ಶುರುವಾದ ಮೇಲೆ ಸುತ್ತಲಿನವರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕಿರುಚುತ್ತಿದ್ದರು. ನಾವು ಮೂವರು ಆರಾಮಾಗಿ ಹರಟುತ್ತಿದ್ದೆವು. ಪ್ರೆಸ್ಸುಗಳ ನಡುವೆ ದನಿಗೆ ಕೆಲಸವಿಲ್ಲ, ತುಟಿ ಮತ್ತು ಬೆರಳುಗಳೇ ಮಾತಾಡಬೇಕು.

"ಡ್ರಮ್ಮಿನವನು ನಮ್ಮ ಸೂಪರ್‌ವೈಸರ್ ಥರಾನೇ ಇದಾನೆ," ಎಂದರು ಅತ್ತಿಗೆ ಬರೀ ತುಟಿಯಲ್ಲಿ.

"ಇವನು ಕೆಲಸ ಮಾಡ್ತಾನಲ್ಲ," ಎಂದವು ತಂತಿಯ ಬೆರಳುಗಳು.

ಐದನೆಯದು ನಮ್ಮ ಹಾಡು. 'ಎಂಟು ಗಂಟೆ ನಿನ್ನದು, ಈ ಬಾಯಿ ನನ್ನದು.' ಅರ್ಧದಲ್ಲಿ ಗಾಯಕಿ ಡ್ರಮ್ಮಿನ ಕಡೆ ತಿರುಗಿ ನಮಗೆ ಬೆನ್ನು ಹಾಕಿದಳು. ಹಾಡು ನಿಂತುಹೋಯಿತು.

ಆದರೆ ಸುತ್ತ ಎಲ್ಲರ ಬಾಯಿ ಆಡುತ್ತಲೇ ಇತ್ತು. ಅತ್ತಿಗೆ ಕಣ್ಣು ಮುಚ್ಚಿ ಕೂಗುತ್ತಿದ್ದರು. ಹತ್ತಿ ಕಿತ್ತು ತೆಗೆದೆ. ಏನೂ ಬದಲಾಗಲಿಲ್ಲ. ಕಾಲಡಿ ನೆಲ ಗುದ್ದುತ್ತಿತ್ತು, ಎದೆಮೂಳೆ ಅದುರುತ್ತಿತ್ತು, ಪದಗಳು ಮಾತ್ರ ಇರಲಿಲ್ಲ. ಅವಳು ಮತ್ತೆ ಇತ್ತ ತಿರುಗಿದಳು, ಪದಗಳು ಬಂದವು. ಇಷ್ಟು ಹೊತ್ತೂ ನಾನು ಹಾಡನ್ನು ಅವಳ ತುಟಿಯಿಂದ ಎತ್ತಿಕೊಳ್ಳುತ್ತಿದ್ದೆ.

ಅಳು ಬರಬೇಕಿತ್ತೇನೋ. ಬರಲಿಲ್ಲ. ಹತ್ತಿಯನ್ನು ಜೇಬಿಗೆ ಹಾಕಿಕೊಂಡು ಕೊನೆಯ ಹಾಡಿನವರೆಗೂ ನಿಂತಿದ್ದೆ.

ಮುದ್ರೆ ಸೋಪಿಗೂ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ. ಬೆಳಿಗ್ಗೆ ಡಾಕ್ಟರ ಕೋಣೆಯ ಹೊರಗೆ ಸಾಲಿನಲ್ಲಿ ಕೂತಾಗ ಅತ್ತಿಗೆ, "ಬಟ್ಟೆ ಸುತ್ಕೋ. ತಗಡು ಗೀರಿತು ಅನ್ನು," ಎಂದರು.

"ಅದೂ ನನ್ನದೇ ತಪ್ಪು ಅಂತ ಬರೀತಾರೆ," ಎಂದೆ.

ಪರೀಕ್ಷೆ ಮುಗಿಸಿದ ಡಾಕ್ಟರ ಕಣ್ಣು ನೇರ ನನ್ನ ಕೈಮೇಲೆ ಬಿತ್ತು. "ಜೋರು ಸಂಗೀತಕ್ಕೆ ಹೋಗೋ ಅಭ್ಯಾಸ ಇದೆಯಾ?"

"ನಿನ್ನೆ ಒಂದು ಸಲ ಹೋಗಿದ್ದೆ."

ಬರೆದುಕೊಂಡರು. ನಾನು ಕಾಗದ ನನ್ನ ಕಡೆ ಎಳೆದುಕೊಂಡೆ. "ಯಂತ್ರದ ಪ್ರಶ್ನೆ ಎಲ್ಲಿದೆ ಸಾರ್?"

"ಅದಕ್ಕೆ ಕಾಲಂ ಇಲ್ಲಮ್ಮ."

ಖಾಲಿಯಿದ್ದ ಅಂಚಿನಲ್ಲಿ ಬರೆದೆ: 'ಹಾಡು ಒಂದೂವರೆ ಗಂಟೆ. ನಾಲ್ಕನೇ ನಂಬರ್ ಪ್ರೆಸ್ ಹನ್ನೊಂದು ವರ್ಷ.' ಕೆಳಗೆ ಸಹಿ ಹಾಕಿದೆ. ಡಾಕ್ಟರು ಕಾಗದದ ಮೇಲೆ ಬಗ್ಗಿ ಏನೋ ಹೇಳುತ್ತಿದ್ದರು. ದವಡೆ ಆಡುವುದಷ್ಟೇ ಕಾಣುತ್ತಿತ್ತು.

"ತಲೆ ಎತ್ತಿ ಹೇಳಿ ಸಾರ್."

ಎತ್ತಿದರು. "ಇದನ್ನ ಹೊಡೆದು ಹಾಕಬೇಕಾಗುತ್ತೆ."

"ಹಾಕಿ."

ಬಾಗಿಲಿನ ಗಾಜಿನಾಚೆ ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಬೆರಳಲ್ಲಿ ಹೇಳಿದೆ: ಕಾಲಂ ಇಲ್ಲ, ಅಂಚಲ್ಲಿ ಬರೀರಿ. ಅತ್ತಿಗೆ ಪಕ್ಕದವಳಿಗೆ ಹೇಳಿದರು, ಅವಳು ತಂತಿಗೆ, ತಂತಿ ಹಿಂದಿನವರಿಗೆ. ಸಾಲಿನುದ್ದಕ್ಕೂ ಬೆರಳುಗಳು ಆಡಿದವು. ನನಗೆ ಖುಷಿಯೇನೂ ಆಗಲಿಲ್ಲ. ಕೈ ಮಾತ್ರ ಇನ್ನೂ ಮೇಲೆಯೇ ಇತ್ತು.

ಡಾಕ್ಟರು ನನ್ನ ಸಾಲಿನ ಮೇಲೆ ಗೀಟೆಳೆಯಲು ಅಡಿಪಟ್ಟಿ ಹುಡುಕುತ್ತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲ.