ಅಂಗಿ ಬೇಕಿದ್ದರೆ ಒಳಗೆ ಬನ್ನಿ

ಡೆಸ್ ರಡಕ್ ತನ್ನ ಮೀನಖಂಡದ ಮೇಲಿನ ಕಪ್ಪು ಮಚ್ಚೆಯನ್ನು ದೋಣಿಯ ಅಂಚು ತಗುಲಿ ಆದ ಕಲೆ ಎಂದೇ ಬಹಳ ಕಾಲ ನಂಬಿದ್ದ. ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆಯುವ ಹೊತ್ತಿಗೆ ರೋಗ ತೊಡೆಸಂದಿನ ಗಂಟಿನವರೆಗೂ ಏರಿಬಿಟ್ಟಿತ್ತು. ಮೆಲನೋಮಾ, ಚರ್ಮದ ಕ್ಯಾನ್ಸರ್ ಎಂದರು. ಕಡಲತೀರದ ಅವನ ಊರು ಗ್ಯಾನೆಟ್ ಪಾಯಿಂಟಿನಲ್ಲಿ ಆ ಹೆಸರು ಕೇಳದವರು ಯಾರೂ ಇರಲಿಲ್ಲ. ಆದರೂ ಅದು ಪಕ್ಕದ ಬೀದಿಯವರಿಗೆ ಬರುವ ಕಾಯಿಲೆ, ತಮಗಲ್ಲ ಅಂದುಕೊಂಡೇ ಎಲ್ಲರೂ ಬಿಸಿಲಿಗೆ ಮೈಯೊಡ್ಡಿ ಬದುಕುತ್ತಿದ್ದರು.

ಹಾಸಿಗೆಯ ಪಕ್ಕ ಕುಳಿತಿದ್ದ ಅಕ್ಕ ನೊರೀನ್‌ಗೆ ವೈದ್ಯರು ಇನ್ನೊಂದು ಮಾತನ್ನೂ ಹೇಳಿದರು. ಮನೆಯಲ್ಲಿ ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಎಲ್ಲರೂ ಒಮ್ಮೆ ಮೈಯೆಲ್ಲ ತೋರಿಸಿಕೊಳ್ಳಬೇಕು, ಹೊರಗೆ ಹೋದಾಗ ಮೈ ಮುಚ್ಚಿಕೊಳ್ಳಬೇಕು. ವೈದ್ಯರು ಅತ್ತ ಹೋಗುತ್ತಲೇ ಡೆಸ್ ಕಣ್ಣು ತೆರೆದ, ಅಣ್ಣ ಮರ್ವ್‌ನ ಮಾತು ತೆಗೆದ.

"ಮರ್ವ್‌ಗೆ ನಾನು ಹೇಳಿದ್ರೆ ನಗ್ತಾನೆ. ನೀನು ಹೇಳು. ನಿನಗಾದ್ರೆ ಹೆದರ್ತಾನೆ."

"ಅವನು ಯಾರಿಗೂ ಹೆದರಲ್ಲ ಕಣೋ."

"ಹಾಗಾದ್ರೆ ಹೆದರಿಸು," ಅಂದು ಮತ್ತೆ ಕಣ್ಣು ಮುಚ್ಚಿದ.

ನೊರೀನ್ ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಗಲಾಟೆ ಮಾಡಿದವರನ್ನು, ಅದು ಪೊಲೀಸನ ಮಗನಾದರೂ ಸರಿ, ನಡುರಸ್ತೆಯಲ್ಲಿ ಇಳಿಸಿ, ಬಸ್ಸಿನ ಹಿಂದೆ ನಡೆದುಕೊಂಡು ಬಾ ಅಂದವಳು. ಊರಿಗೆ ಮರಳಿದವಳೇ ಮೊದಲು ತಾನೇ ಹೋಗಿ ಡಾಕ್ಟರ್ ಫಾನ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳ ಮುಂದೆ ಬಟ್ಟೆ ಕಳಚಿ ನಿಂತಳು. ಆಕೆ ದೀಪವಿದ್ದ ಪುಟ್ಟ ಮಸೂರ ಹಿಡಿದು ನೆತ್ತಿ, ಕಿವಿಯ ಹಿಂಭಾಗ, ಕಾಲ್ಬೆರಳ ಸಂದಿ, ಒಂದನ್ನೂ ಬಿಡದೆ ನೋಡಿದಳು. ಏನೂ ಇರಲಿಲ್ಲ. ನೋವೂ ಇರಲಿಲ್ಲ. ಇಷ್ಟಕ್ಕಾ ಈ ಗಂಡಸರು ಇಷ್ಟೊಂದು ಕುಣಿಯುವುದು ಎಂದು ನೊರೀನ್‌ಗೆ ಸಿಟ್ಟೇ ಬಂತು.

ಆ ಭಾನುವಾರ ಮರ್ವ್‌ನ ಹಿತ್ತಲಲ್ಲಿ ಮನೆಮಂದಿ ಸೇರಿದ್ದರು. ಮರ್ವ್ ನೊರೀನ್‌ಳ ಮೊದಲ ತಮ್ಮ. ಮೀನು ಹಿಡಿಯುವವನು, ಕಡಲಲ್ಲಿ ಮುಳುಗುವವರನ್ನು ಕಾಯುವ ಕ್ಲಬ್ಬಿನ ಅಧ್ಯಕ್ಷ, ಹೆಂಡತಿ ವ್ಯಾಲ್ ತೀರಿಕೊಂಡ ಮೇಲೆ ಒಂಟಿ. ಕೊನೆಯ ತಮ್ಮ ಕಾಲ್, ಎಲ್ಲದರಲ್ಲೂ ಮರ್ವ್‌ನ ನೆರಳು. ಇಬ್ಬರೂ ಬರಿಮೈಯಲ್ಲಿ, ಕೈಯಲ್ಲಿ ಬಿಯರ್ ಹಿಡಿದು, ಕಾವಲಿಯ ಮೇಲೆ ಸಾಸೇಜ್ ಹೊರಳಿಸುತ್ತ ನಿಂತಿದ್ದರು. ನೊರೀನ್ ವಿಷಯ ತೆಗೆದಳು. ತಾನು ತೋರಿಸಿಕೊಂಡು ಬಂದೆ, ಮರ್ವ್‌ನ ಮಗಳು ಟೆಸ್ ಕೂಡ ನಿನ್ನೆ ಹೋಗಿ ಬಂದಳು, ಉಳಿದವರು ನೀವಿಬ್ಬರೇ ಅಂದಳು. ಮರ್ವ್ ನಕ್ಕ. ಅಪ್ಪ ಎಂಬತ್ತು ದಾಟುವವರೆಗೂ ಮೈಮೇಲೆ ಅಂಗಿ ಹಾಕಲಿಲ್ಲ, ಅವನಿಗೇನಾಯಿತು ಎಂದು ಕೇಳಿದ.

"ಅಪ್ಪನ ಅರ್ಧ ಕಿವಿ ಎಲ್ಲಿ ಹೋಯ್ತು?" ಅಂದಳು ನೊರೀನ್.

"ಶಾರ್ಕ್ ಕಚ್ಕೊಂಡ್ ಹೋಯ್ತು. ಊರಿಗೆಲ್ಲ ಗೊತ್ತು."

"ಶಾರ್ಕ್ ಅಲ್ಲ, ಡಾಕ್ಟರ್ ಕತ್ತರಿಸಿದ್ದು. ಆಸ್ಪತ್ರೆಗೆ ಕರ್ಕೊಂಡ್ ಹೋದವಳು ನಾನು. ಯಾರಿಗೂ ಹೇಳ್ಬೇಡ ಅಂದ, ಹೇಳಿರ್ಲಿಲ್ಲ. ಈಗ ಹೇಳ್ತಿದೀನಿ."

ಸಾಸೇಜ್ ಕರಕಲಾಗುವ ವಾಸನೆ ಬಂದರೂ ಯಾರೂ ಅಲುಗಲಿಲ್ಲ. ಆ ಶಾರ್ಕಿನ ಕಥೆ ಕೇಳಿಕೊಂಡೇ ಬೆಳೆದ ಮನೆ ಅದು. ಅದನ್ನೇ ಹೇಳಿ ಮರ್ವ್ ಎಷ್ಟೋ ಹುಡುಗರನ್ನು ಕ್ಲಬ್ಬಿಗೆ ಸೇರಿಸಿದ್ದ. ಅವನ ಮುಖ ಕೆಂಪೇರಿತು.

"ಸತ್ತೋರ ಕಿವಿ ಹಿಂಡೋಕೆ ನಿನಗೆ ನಾಚ್ಕೆ ಆಗಲ್ವಾ?"

"ಇಲ್ಲ," ಅಂದಳು ನೊರೀನ್. "ಬದುಕಿರೋರ ಕಿವಿ ಹಿಂಡೋದು ಇನ್ನೂ ಬಾಕಿ ಇದೆ."

ಆ ತಿಂಗಳಲ್ಲೇ ಕ್ಲಬ್ಬಿನ ದೊಡ್ಡ ದಿನವಿತ್ತು. ಹರೆಯದಲ್ಲಿ ರಡಕ್ ಸಹೋದರರು ಗೆಳೆಯರಿಬ್ಬರೊಂದಿಗೆ ದೋಣಿಗೆ ಹುಟ್ಟು ಹಾಕಿ ರಾಜ್ಯದ ದೋಣಿ ಪಂದ್ಯ ಗೆದ್ದಿದ್ದರು. ಬರಿಮೈಯಲ್ಲಿ ದೋಣಿಯ ಪಕ್ಕ ನಿಂತ ಆ ಐವರ ಚಿತ್ರ ಇಂದಿಗೂ ಬಾರಿನ ಗೋಡೆಯ ಮೇಲಿತ್ತು. ಈಗ ಅದೇ ಐವರು ಅದೇ ರೀತಿ ನಿಂತು ಮತ್ತೊಂದು ಚಿತ್ರ ತೆಗೆಸಿಕೊಳ್ಳುವುದು, ಆಮೇಲೆ ಊಟ. ಆ ದಿನ ಡಾಕ್ಟರ್ ಫಾನ್‌ರನ್ನು ಕ್ಲಬ್ಬಿಗೆ ಕರೆಸುತ್ತೇನೆ, ಒಂದು ಕೋಣೆ ಕೊಡು ಎಂದು ನೊರೀನ್ ಕೇಳಿದಳು. ವರ್ಷಕ್ಕೊಂದು ಖುಷಿಯ ದಿನ, ಅವತ್ತು ರೋಗದ ಅಂಗಡಿ ಬೇಡ ಅಂದ ಅಧ್ಯಕ್ಷ. ಸಮಿತಿಯವರೂ ತಲೆಯಾಡಿಸಿದರು. ನೊರೀನ್ ಆಯಿತು ಅಂದಳು. ಅಕ್ಕ ಅಷ್ಟು ಬೇಗ ಆಯಿತು ಅಂದಾಗಲೇ ಮರ್ವ್ ಎಚ್ಚರವಾಗಬೇಕಿತ್ತು. ಪ್ರಥಮ ಚಿಕಿತ್ಸೆಯ ಕೋಣೆಯ ಬೀಗದ ಕೈ ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುವ ಅವಳ ಬಳಿಯೇ ಇತ್ತು.

ಆ ದಿನ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಐವರೂ ಅಂಗಿ ಕಳಚಿ ಮರಳಿನ ಮೇಲೆ ಎಸೆದು ದೋಣಿಯ ಪಕ್ಕ ಸಾಲಾಗಿ ನಿಂತರು. ಡೆಸ್‌ನ ಕಾಲಿಗೆ, ಬಾವು ಬಾರದಿರಲೆಂದು, ತೊಡೆಯವರೆಗೂ ಬಿಗಿಯಾದ ಕಾಲುಚೀಲ. ಅದು ಕಾಣದಂತೆ ಅವನನ್ನು ದೋಣಿಯ ಹಿಂದೆ ನಿಲ್ಲಿಸಲು ಮರ್ವ್ ನೋಡಿದ. ಡೆಸ್ ಒಪ್ಪದೆ ಮುಂದೆಯೇ ನಿಂತ. ಹೊಟ್ಟೆ ಒಳಗೆಳೆದುಕೊಳ್ಳಿ ಎಂದು ಫೋಟೋದವನು ಹೇಳಿದ, ಎಲ್ಲರೂ ಉಸಿರು ಬಿಗಿಹಿಡಿದರು. ಅವರು ಉಸಿರು ಬಿಡುವಷ್ಟರಲ್ಲಿ ನೊರೀನ್ ಮತ್ತು ಟೆಸ್ ಐದೂ ಅಂಗಿಗಳನ್ನು ಬಾಚಿಕೊಂಡು ಮೆಟ್ಟಿಲು ಹತ್ತಿಯಾಗಿತ್ತು.

"ಅಂಗಿ ಬೇಕಿದ್ರೆ ಒಳಗೆ ಬನ್ನಿ," ಎಂದು ನೊರೀನ್ ಮೇಲಿನಿಂದ ಹೇಳಿದಳು. "ಡಾಕ್ಟರ್ ಕಾಯ್ತಿದಾರೆ. ಒಬ್ಬೊಬ್ಬರೇ ಬನ್ನಿ, ನೂಕಾಡ್ಬೇಡಿ."

ನೆರೆದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಗಂಡಸರಿಗೆ ಅವಮಾನವಾಯಿತು, ಆದರೆ ಏನೂ ಮಾಡುವಂತಿರಲಿಲ್ಲ. ಅವರ ಹೆಂಡತಿಯರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಡೆಸ್ ಕುಂಟುತ್ತ ಮೊದಲು ಮೆಟ್ಟಿಲು ಹತ್ತಿದ, ಹಿಂದೆ ಗೆಳೆಯರಿಬ್ಬರು. ಕಾಲ್ ಮರ್ವ್‌ನ ಮುಖ ನೋಡಿದ, ಡೆಸ್‌ನ ಕಾಲು ನೋಡಿದ. ಜೀವಮಾನದಲ್ಲಿ ಮೊದಲ ಸಲ ಮರ್ವ್‌ನನ್ನು ಕೇಳದೆ ನಡೆದುಬಿಟ್ಟ.

ಮರ್ವ್ ನೇರ ಬಾರಿಗೆ ಹೋದ. ಬಿಯರ್ ಸುರಿಯುವ ಹುಡುಗಿ ಬೆರಳೆತ್ತಿ ಗೋಡೆ ತೋರಿಸಿದಳು. ಅಂಗಿ ಇಲ್ಲದವರಿಗೆ ಬಿಯರ್ ಇಲ್ಲ, ಅಧ್ಯಕ್ಷರ ಆಜ್ಞೆ. ಅವನೇ ಬರೆಸಿದ ಫಲಕ. ಮರ್ವ್ ಹೊರಗೆ ಬಂದು ದೋಣಿ ಸಾಗಿಸುವ ಗಾಡಿಯ ನೆರಳಲ್ಲಿ ಕುಳಿತ.

ನೊರೀನ್ ಅವನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಪಕ್ಕದಲ್ಲಿ ನಿಂತಳು. ಅವನು ಕಡಲನ್ನೇ ನೋಡುತ್ತಿದ್ದ. ಬೈಯುತ್ತಾನೆ ಅಂದುಕೊಂಡಿದ್ದಳು, ಅವನು ಬೈಯಲಿಲ್ಲ.

"ನನ್ನ ಬೆನ್ನು ನೋಡೋದು ವ್ಯಾಲ್ ಕೆಲಸ," ಅಂದ. "ಪ್ರತಿ ಶನಿವಾರ, ಸ್ನಾನ ಆದ್ಮೇಲೆ. ಮುಲಾಮು ಹಚ್ತಿದ್ಲು, ಬೈತಿದ್ಲು. ಅವಳು ಹೋದ್ಮೇಲೆ ಯಾರೂ ಮುಟ್ಟಿಲ್ಲ. ಯಾರೂ ಮುಟ್ಟೋದು ಬೇಡ."

 ಇದುವರೆಗೆ ನೊರೀನ್ ಅವನದು ಬರೀ ಜಂಬ ಅಂದುಕೊಂಡಿದ್ದಳು. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಡೆಸ್ ಹೆದರಿಸು ಎಂದು ಹೇಳಿದ್ದು ನೆನಪಿತ್ತು. ಕರಗಿದರೆ ಕೆಲಸ ಕೆಡುತ್ತದೆ.

"ನಾನು ವ್ಯಾಲ್ ಅಲ್ಲ, ಅವಳಷ್ಟು ತಾಳ್ಮೆನೂ ನನಗಿಲ್ಲ. ಈಗ ಅವಳು ಇಲ್ಲಿದ್ದಿದ್ರೆ ಏನ್ ಮಾಡ್ತಿದ್ಲು ಅಂತ ನಿನಗೇ ಗೊತ್ತು. ತಿರುಗು."

ಅವನು ತಿರುಗಲಿಲ್ಲ. ಅವಳೇ ಗಾಡಿಯನ್ನು ಸುತ್ತಿ ಅವನ ಬೆನ್ನ ಹಿಂದೆ ಹೋದಳು. ನಸುಗೆಂಪು ಚುಕ್ಕೆಗಳು ತುಂಬಿದ್ದ ಆ ಅಗಲ ಬೆನ್ನಿನಲ್ಲಿ, ಎಡ ಹೆಗಲಮೂಳೆಯ ಕೆಳಗೆ, ಕೈ ಎಟುಕದ ಕಡೆ, ಒಂದು ಮಚ್ಚೆ ಇತ್ತು. ಒಂದು ಪಕ್ಕ ಕಂದು, ಇನ್ನೊಂದು ಪಕ್ಕ ಕಪ್ಪು, ಅಂಚು ಹರಿದ ಕಾಗದದ ಹಾಗೆ.

"ಏನಿದೆ?" ಎಂದು ಕೇಳಿದ ಮರ್ವ್. 

"ನನಗೆ ಗೊತ್ತಿಲ್ಲ. ಗೊತ್ತಿರೋರು ಒಳಗಿದಾರೆ."

ಅವನು ಎದ್ದ. ಅಂಗಿಗೆ ಕೈ ಚಾಚಿದ, ಅವಳು ಕೊಡಲಿಲ್ಲ. ಹಾಗೆಯೇ, ಬರಿಮೈಯಲ್ಲಿ, ಎಲ್ಲರ ಕಣ್ಣ ಮುಂದೆ ಮೆಟ್ಟಿಲು ಹತ್ತಿ ಹೋದ. ಆಗ ಮಾತ್ರ ಯಾರೂ ನಗಲಿಲ್ಲ.

ಅದು ಮೆಲನೋಮಾವೇ ಆಗಿತ್ತು. ಆದರೆ ಇನ್ನೂ ತೆಳ್ಳಗಿತ್ತು, ಚರ್ಮದ ಮೇಲ್ಪದರದಲ್ಲೇ ಇತ್ತು. ಸುತ್ತಲಿನ ಚರ್ಮ ಸೇರಿಸಿ ಅಗಲವಾಗಿ ಕತ್ತರಿಸಿ ತೆಗೆದರು. ಬೇರೆ ಔಷಧಿ ಬೇಕಿಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡರೆ ಸಾಕು ಅಂದರು. ಮುಂದಿನ ವರ್ಷ ಬಂದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಮರ್ವ್ ಕೇಳಿದನಂತೆ. ಡಾಕ್ಟರ್ ಫಾನ್ ಕೈ ತೊಳೆಯಲು ಎದ್ದಳಂತೆ. ಡೆಸ್‌ಗೆ ಕೈಯ ನರದ ಮೂಲಕ ಔಷಧಿ ಹನಿಸುವುದು ನಡೆದೇ ಇತ್ತು. ಗಂಟು ಸ್ವಲ್ಪ ಕುಗ್ಗಿತ್ತು. ವೈದ್ಯರು ಭರವಸೆ ಕೊಡಲಿಲ್ಲ, ಡೆಸ್ ಕೇಳಲೂ ಇಲ್ಲ.

ಹೊಲಿಗೆ ಬಿಚ್ಚಿದ ವಾರವೇ ಕ್ಲಬ್ಬಿನ ಸಭೆ. ದೋಣಿ ಹತ್ತುವವರು, ಮಕ್ಕಳಾಗಲಿ ಮುದುಕರಾಗಲಿ, ಉದ್ದ ತೋಳಿನ ಅಂಗಿ ತೊಡಬೇಕು, ಮೂಗು ಕಿವಿಗೆ ಬಿಸಿಲು ತಡೆಯುವ ಮುಲಾಮು ಹಚ್ಚಬೇಕು ಎಂದು ನೊರೀನ್ ಬೇಡಿಕೆ ಇಟ್ಟಳು. ಬರಿಮೈ ನಮ್ಮ ಕ್ಲಬ್ಬಿನ ಗುರುತು ಎಂದು ಕೆಲವರು ಎದ್ದು ನಿಂತರು. ಮರ್ವ್ ಅಧ್ಯಕ್ಷನ ಕುರ್ಚಿಯಿಂದ ಎದ್ದು, ಅಂಗಿ ಎತ್ತಿ, ಸಭೆಗೆ ಬೆನ್ನು ತಿರುಗಿಸಿ ನಿಂತ. ಗಾಯ ಇನ್ನೂ ಕೆಂಪಗಿತ್ತು. ಗುರುತು ಬೇಕಿದ್ದವರು ಇದನ್ನು ನೋಡಿಕೊಳ್ಳಿ ಅಂದ. ಆದರೂ ಇಬ್ಬರು ಕ್ಲಬ್ ಬಿಟ್ಟು ಹೋದರು. ಹೋಗಲಿ ಅಂದಳು ನೊರೀನ್.

ಬೇಸಿಗೆಯ ಕೊನೆಗೆ ಪಕ್ಕದ ಊರಿನ ಕಡಲತೀರದಲ್ಲಿ ಹಳಬರ ಸ್ನೇಹದ ಪಂದ್ಯ ನಡೆಯಿತು. ಡೆಸ್‌ನ ಜಾಗದಲ್ಲಿ ಟೆಸ್ ಹುಟ್ಟು ಹಿಡಿದಳು, ಮರ್ವ್ ಚುಕ್ಕಾಣಿ ಹಿಡಿದ. ಮಣಿಕಟ್ಟಿನವರೆಗೂ ತೋಳಿದ್ದ ನೀಲಿ ಅಂಗಿ, ಬಿಳಿ ಮುಲಾಮು ಬಳಿದುಕೊಂಡ ಮೂಗುಗಳು ಕಂಡದ್ದೇ ತಡ, ಎದುರಾಳಿಗಳ ಕಡೆಯಿಂದ ಒಬ್ಬ ಕೂಗಿದ.

"ಏನ್ರಪ್ಪಾ, ಅಜ್ಜೀರ ನೈಟಿ ಹಾಕ್ಕೊಂಡ್ ಬಂದಿದೀರಾ?"

"ಹೂಂ ಕಣೋ," ಅಂದ ಮರ್ವ್. "ನಿಮ್ಮಜ್ಜಿದೇ. ನಿನಗಿಂತ ಚೆನ್ನಾಗಿ ಹುಟ್ಟು ಹಾಕ್ತಿದ್ಲು ಅಂತ ಕೇಳಿ ಇಸ್ಕೊಂಡ್ ಬಂದೆ."

ಅವರು ಗೆಲ್ಲಲಿಲ್ಲ. ಎರಡನೇ ಅಲೆ ದೋಣಿಯನ್ನು ಅಡ್ಡ ಹಾಕಿತು, ಒದ್ದೆ ತೋಳುಗಳು ಭಾರವಾದವು, ಕಾಲ್ ಹುಟ್ಟನ್ನೇ ಕಳೆದುಕೊಂಡ. ದಡದಲ್ಲಿ ದೊಡ್ಡ ಟೋಪಿ ಹಾಕಿಕೊಂಡು ಕೊಡೆಯ ಕೆಳಗೆ ಕುಳಿತಿದ್ದ ಡೆಸ್ ತಮ್ಮನಿಗೂ ತೀರ್ಪುಗಾರನಿಗೂ ಸೇರಿಸಿ ಬೈಯುತ್ತಿದ್ದ. ಕೊನೆಯವರಾಗಿ ದಡ ಸೇರಿ, ಮಂಡಿಯವರೆಗಿನ ನೀರಿನಲ್ಲಿ ಏದುಸಿರು ಬಿಡುತ್ತ ನಿಂತರು. ಅಂಗಿ ಕಳಚಿ ಒಣಗಲು ಹಾಕಲೇ ಎಂದು ಕಾಲ್ ಮೆಲ್ಲಗೆ ಕೇಳಿದ.

"ಮುಟ್ಟಿ ನೋಡು," ಅಂದಳು ನೊರೀನ್, ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ. "ಕತ್ತು ಈ ಕಡೆ ತಗೊಂಡ್ ಬಾ. ಮುಂದಿನ ಪಂದ್ಯಕ್ಕೆ ಇನ್ನೂ ಹೊತ್ತಿದೆ."