ಎರಡು ಇಂಚು ಕಳೆದು

ಟೇಪಿನ ತುದಿ ಹರಿದಿದೆ, ಮೊದಲ ಎರಡು ಇಂಚು ಯಾರ ಪಾಲಾಯಿತೋ, ಎರಡು ಇಂಚು ಕದ್ದು ಯಾರು ಉದ್ಧಾರವಾದರೋ, ಈಗ ಪ್ರತಿ ಸಲವೂ ಅಳೆದು ಕೊನೆಗೆ ಎರಡು ಕಳೆಯಬೇಕು, ಹೋದ ತಿಂಗಳು ಅವಳು ಕಳೆಯಲು ಮರೆತು ಗಂಡನಿಗೆ ಹೊಲಿದ ಅಂಗಿಯಲ್ಲಿ ಗಂಡನೂ ಮೈದುನನೂ ಒಟ್ಟಿಗೆ ಹಿಡಿಸುವಂತಿತ್ತು — ಇವತ್ತು ತೋಳಿನ ಪಾಠ, ಹೊಲಿಗೆ ಟೀಚರ್ ಹಲಗೆಯ ಮೇಲೆ ಬರೆದಾಗಿದೆ, ಜೋಡಿ ಜೋಡಿಯಾಗಿ ನಿಂತ್ಕೊಳಿ, ಒಬ್ರ ತೋಳು ಒಬ್ರು ಅಳೀರಿ, ಭುಜ, ಮೊಣಕೈ, ಮಣಿಕಟ್ಟು, ಬಟ್ಟೆ ಮೇಲೆ ಅಳೆದ್ರೆ ನಾನು ಒಪ್ಪಲ್ಲ, ಬಟ್ಟೆ ತೋಳು ಮೇಲಕ್ಕೆ ಮಡಚಿ ಅಳೀರಿ. ಮಡಚಿ. ಅವಳ ಜೋಡಿಗೆ ಸಿಕ್ಕಿರುವುದು ಚಿಕ್ಕವಳು, ಹನ್ನೆರಡು ಹೆಂಗಸರ ಈ ತರಗತಿಯಲ್ಲಿ ಹತ್ತೊಂಬತ್ತರವಳು ಒಬ್ಬಳೇ ಆದ್ದರಿಂದ ಅದೇ ಹೆಸರು ನಿಂತುಬಿಟ್ಟಿದೆ, ಈ ಧಗೆಯಲ್ಲೂ ಮಣಿಕಟ್ಟಿನ ತನಕ ತೋಳು, ತುದಿಯಲ್ಲಿ ಬಿಳಿ ಗುಂಡಿ, ಗುಂಡಿ ಹಾಕಿದೆ. ಸುಮ್ನೆ ಏನೋ ಬರ್ಕೊಳಿ ಅಕ್ಕ, ಆರು ಅಂತ ಹಾಕಿ, ಅನ್ನುತ್ತಿದೆ ಹುಡುಗಿ, ಟೇಪನ್ನು ಹಾವು ನೋಡಿದಂತೆ ನೋಡುತ್ತಾ. ಹಾಕಬಹುದು, ಆರು, ಯಾರಿಗೇನು ನಷ್ಟ — ಮೂರು ವಾರದ ಹಿಂದೆ ಕೈತೊಳೆಯುವ ಕಡೆ ಆ ಗುಂಡಿ ಬಿಚ್ಚಿತ್ತು, ಅವಳು ನೋಡಬಾರದ್ದನ್ನು ನೋಡಿದ್ದಳು, ಬೆಕ್ಕು ಪರಚ್ತು ಅಕ್ಕ, ಅಂದಿತ್ತು ಹುಡುಗಿ, ಅಷ್ಟೇ ಸಾಕಾಯಿತು ಇವಳಿಗೆ, ಬೆಕ್ಕೆಂದರೆ ಬಾಯಿಗೆ ಬೀಗ ಇಲ್ಲ, ಹೊಟ್ಟೆ ತುಂಬಾ ಹಾಕು ಪರಚಲ್ಲ, ಗಂಡೋ ಹೆಣ್ಣೋ, ಹೆಸರೇನು, ಹುಡುಗಿ ಗೋಡೆ ನೋಡಿ, ಸೂರು ನೋಡಿ, ಕೊನೆಗೆ ಹೊಲಿಗೆ ಯಂತ್ರ ನೋಡಿ, ಬಾಬಿನ್, ಅಂದಳು, ದಾರ ಸುತ್ತುವ ಬಾಬಿನ್ನಿನ ಹೆಸರು ಬೆಕ್ಕಿಗೆ, ಆಗಲೇ ಹೊಳೆಯಬೇಡವೇ ಇಷ್ಟು ದೊಡ್ಡ ತಲೆಗೆ, ಇಲ್ಲ, ಎಷ್ಟು ಮುದ್ದಾದ ಹೆಸರು ಅಂತ ವಾರಕ್ಕೆರಡು ಸಲ ಕಾಗದದಲ್ಲಿ ಸುತ್ತಿ ಮೀನಿನ ತಲೆ ತಂದುಕೊಟ್ಟಳು, ಬಾಬಿನ್ ತಿಂತಾ, ತಿಂತು ಅಕ್ಕ, ಬಾಬಿನ್ ದಪ್ಪ ಆಯ್ತಾ, ಸ್ವಲ್ಪ ಆಯ್ತು ಅಕ್ಕ. ಮೊನ್ನೆ ಪರದೆ ಹೊಲಿಸಲು ಬಂದ, ಹುಡುಗಿ ಇರುವ ಹಾಸ್ಟೆಲಿನ ವಾರ್ಡನ್, ನಮ್ಮಲ್ಲಿ ಬೆಕ್ಕಾ, ಇಲಿ ಬಂದ್ರೂ ಸೈನ್ ಹಾಕಿಸ್ಕೊಂಡೇ ಒಳಗೆ ಬಿಡೋದು ನಾನು, ಎಂದಾಗ ಇವಳ ಕೈಲಿದ್ದ ಚಹಾ ತಣ್ಣಗಾಗುವ ತನಕ ಕೈಯಲ್ಲೇ ಉಳಿಯಿತು. ಬೆಕ್ಕಿಲ್ಲ. ಬೆಕ್ಕಿಲ್ಲದ ಮೇಲೆ ಪರಚಿದ್ದು ಯಾರು, ಅದಕ್ಕೆ ಉತ್ತರ ಒಂದೇ, ಆ ಉತ್ತರ ಈಗ ಎದುರಿಗೆ ನಿಂತು ಉಗುರು ನೋಡಿಕೊಳ್ಳುತ್ತಿದೆ.

ಮಗಳು ಹೇಳಿದ್ದಾಳೆ, ಅಮ್ಮಾ, ದಯವಿಟ್ಟು ಇನ್ನು ಯಾರ ವಿಷಯಕ್ಕೂ ಹೋಗ್ಬೇಡ, ಹೇಳದೆ ಏನು ಮಾಡ್ಯಾಳು, ಟೀವಿ ಹೊತ್ತು ಮೆಟ್ಟಿಲಲ್ಲಿ ನಿಂತಿದ್ದವನ ಕೊರಳಪಟ್ಟಿ ಹಿಡಿದು ಕಳ್ಳ ಕಳ್ಳ ಎಂದು ಇಡೀ ಕಟ್ಟಡ ಸೇರಿಸಿದವಳು ಇವಳೇ, ಅವನೋ ಮೇಲಿನ ಮನೆಗೆ ಬಾಡಿಗೆಗೆ ಬಂದವನು, ಈಗಲೂ ಮೆಟ್ಟಿಲು ಹತ್ತುವಾಗ ಕೆಮ್ಮಿ, ಕಳ್ಳ ಬಂದೆ ಅಕ್ಕ, ಅನ್ನುತ್ತಾನೆ. ಇದೂ ಹಾಗೇ ಆದರೆ. ಆಗಲಿ, ತಪ್ಪಾದರೆ ಇನ್ನೊಬ್ಬರು ಕೆಮ್ಮುತ್ತಾರೆ ಅಷ್ಟೇ. ಸರಿಯಾಗಿದ್ದರೆ — ಕೇಳಿದ ತಕ್ಷಣ ಹುಡುಗಿ ಕ್ಲಾಸು ಬಿಟ್ಟರೆ, ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡರೆ, ಕೇಳದೇ ಇದ್ದು ಮುಂದಿನ ವಾರ ಈ ಸ್ಟೂಲು ಖಾಲಿ ಇದ್ದರೆ. ಟೀಚರಿಗೆ ಹೇಳೋಣವೆಂದರೆ ಒಳ್ಳೆಯವರೇ, ಆದರೆ ಅವರು ಪಿಸುಗುಟ್ಟಿದ್ದು ಎದುರಿನ ಅಂಗಡಿಯವನಿಗೂ ಕೇಳುತ್ತದೆ. ಇವಳೋ ದಿನವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಊರಿನವರ ಕಲೆ ತೆಗೆಯುತ್ತಾಳೆ, ಮನೆಯಲ್ಲಿರುವ ಮಗಳ ತೋಳನ್ನು ಕೊನೆಯ ಸಲ ನೋಡಿದ್ದು ಯಾವಾಗ, ಹದಿನೈದು ವರ್ಷದ ಹುಡುಗಿ, ಬಾಗಿಲು ತಟ್ಟಿ ಬಾ ಅನ್ನುತ್ತಾಳೆ, ನೋಡಬೇಕು, ಇವತ್ತೇ, ಏನಾದರೂ ನೆಪ ಹೇಳಿ, ಅಳತೆ ಅಂತ. ಏನ್ರೀ ಲಾಂಡ್ರಿಯವ್ರೇ, ನಿಮ್ ಜೋಡೀದು ಎಷ್ಟಾಯ್ತು, ಟೀಚರ್ ಮೇಜುಗಳ ನಡುವೆ ಬರುತ್ತಿದ್ದಾರೆ, ಆರು ಎಂದುಬಿಟ್ಟರೆ ಮುಗಿಯಿತು, ನಾಲಿಗೆ ತುದಿಗೆ ಬಂದೂ ಬಂದಿದೆ ಆರು, ಇನ್ನೂ ಎರಡು ಕಳೀತಾ ಇದೀನಿ ಟೀಚರ್, ಅನ್ನುತ್ತಾಳೆ, ಕಳೀರಿ ಕಳೀರಿ, ಇಲ್ದಿದ್ರೆ ಮೈದುನನೂ ಅದ್ರೊಳಗೇ ಬರ್ತಾನೆ, ತರಗತಿಯೆಲ್ಲ ನಗುತ್ತದೆ, ನಗಲಿ, ನಗುವಾಗ ಯಾರೂ ಇತ್ತ ನೋಡುವುದಿಲ್ಲ, ಅವಳು ಸರಿದು ಹುಡುಗಿಗೂ ಟೀಚರೂ ಸೇರಿ ಉಳಿದ ಹನ್ನೊಂದು ಜನಕ್ಕೂ ನಡುವೆ ನಿಲ್ಲುತ್ತಾಳೆ, ಬೀರು ಎಂದು ಗಂಡ ಆಡಿಕೊಳ್ಳುವ ಈ ಮೈ, ಇವತ್ತಾದರೂ ಉಪಯೋಗಕ್ಕೆ ಬಂತು. ಬೆಕ್ಕಿಲ್ಲ ಅಂತ ನಂಗೊತ್ತು ಕಣೇ, ಬೈಯೋಕೆ ಹೇಳ್ತಿಲ್ಲ, ನಮ್ಮ ಆಸ್ಪತ್ರೇಲಿ ಮನಸ್ಸಿನ ಡಾಕ್ಟರಮ್ಮ ಒಬ್ರಿದಾರೆ, ಅವ್ರ ಕೋಟು ನಾನೇ ಇಸ್ತ್ರಿ ಮಾಡೋದು, ಜೇಬಲ್ಲಿ ಬರೀ ಪೆಪ್ಪರ್‌ಮಿಂಟ್ ಇಟ್ಕೊಂಡಿರ್ತಾರೆ, ಕೆಟ್ಟವರಲ್ಲ, ಕ್ಲಾಸ್ ಮುಗಿದ ಕೂಡ್ಲೇ ಇಬ್ರೂ ಹೋಗೋಣ, ನಾನು ಹೊರಗಡೆನೇ ಕೂತಿರ್ತೀನಿ, ಎಷ್ಟು ಹೊತ್ತಾದ್ರೂ. ಅಂದುಬಿಟ್ಟೆ, ಅಂದಾಯಿತು, ಇನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಹುಡುಗಿ ಬಾಗಿಲ ಕಡೆ ನೋಡುತ್ತಾಳೆ, ಓಡುತ್ತಾಳೆ, ಓಡಿದರೆ ಹಿಂದೆ ಓಡಬೇಕು, ಈ ಚಪ್ಪಲಿಯಲ್ಲಿ, ಓಡುವುದೇ — ಆ ಮೀನಿನ ತಲೆಗಳಿಂದ ಎಷ್ಟು ಕಷ್ಟ ಆಯ್ತು ಗೊತ್ತಾ ಅಕ್ಕ, ಅನ್ನುತ್ತಾಳೆ ಹುಡುಗಿ, ನಗುವೋ ಅಳುವೋ, ಬಸ್ಸಲ್ಲಿ ಎರಡು ಸ್ಟಾಪ್ ಮುಂದೆ ಹೋಗಿ ಬಿಸಾಕ್ತಿದ್ದೆ, ಬಸ್ಸಲ್ಲಿ ಎಲ್ರೂ ನನ್ನಿಂದ ದೂರ ಕೂರೋರು. ಹುಡುಗಿಯ ಬಲಗೈ ಎಡಗೈಯ ಕಡೆ ಬರುತ್ತಿದೆ, ಗುಂಡಿ ಬೆರಳಿಗೆ ಸಿಕ್ಕಿ ಜಾರುತ್ತಿದೆ, ಸಹಾಯ ಮಾಡಲೇ, ಬೇಡ, ಸುಮ್ಮನಿರು, ಒಮ್ಮೆಯಾದರೂ ಸುಮ್ಮನಿರು, ಟೇಪು ಕೆಳಗೆ ಬಿತ್ತು, ಬೀಳಲಿ, ಬಿಳಿ ಗುಂಡಿ, ನಾಲ್ಕು ತೂತು, ಕಾಜದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ, ಗುಂಡಿ,