ನುಣುಪಾದ ಭೂಗೋಳ

ಸಭಾಂಗಣದ ಪ್ರತಿಯೊಂದು ಮೇಜಿನ ಮೇಲೂ ಒಂದೇ ಬರಹದ ಫಲಕವಿತ್ತು: ‘ದಯವಿಟ್ಟು ಮುಟ್ಟಬೇಡಿ’. ಹಳೆಯ ವಸ್ತುಗಳ ಈ ಪ್ರದರ್ಶನ ಮತ್ತು ಹರಾಜಿನ ಲಾಭವೆಲ್ಲ ನಗರದ ಅಂಧಮಕ್ಕಳ ಶಾಲೆಗೆ ಸಲ್ಲುವುದೆಂದು ಬಾಗಿಲ ಮೇಲಿನ ಬಟ್ಟೆಯ ಬ್ಯಾನರ್ ಸಾರುತ್ತಿತ್ತು. ಎರಡನ್ನೂ ಒಂದೇ ಸಮಿತಿ ಬರೆಸಿತ್ತು. ನಾನು ಎರಡನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ.

“ಚೆನ್ನಾಗಿದೆ. ಊಟಕ್ಕೆ ಕರೆದು ಕೈ ಕಟ್ಟಿಹಾಕಿದ ಹಾಗಾಯ್ತು,” ಎಂದಳು.

ದೊಡ್ಡಮ್ಮ ಹುಟ್ಟುಕುರುಡಿ, ಆ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ನನಗೂ ಭೂಮಿಯನ್ನು ಮೊದಲು ಪರಿಚಯಿಸಿದವಳು ಅವಳೇ. ನನ್ನ ಕಣ್ಣು ಮುಚ್ಚಿಸಿ, ಶಾಲೆಯ ಗೋಳದ ಮೇಲೆ ಬೆರಳು ಆಡಿಸಿದ್ದಳು. ನಾನು ಮುಂದೆ ಭೂವಿಜ್ಞಾನ ಓದಿದ್ದಕ್ಕೆ ಬೇರೆ ಕಾರಣವಿರಲಿಲ್ಲ.

ಆ ಗೋಳ ಯಾರದೋ ಓದುಕೋಣೆಯಿಂದ ದಾನವಾಗಿ ಬಂದದ್ದು. ಮರದ್ದು, ಮೇಲೆ ಬಣ್ಣದ ನಕಾಶೆ. ಶಾಲೆಯ ಮೊದಲ ಮೇಷ್ಟ್ರು ಅದರ ಮೇಲೆ ಗಾರೆಯಿಂದ ಪರ್ವತಗಳನ್ನು ಎಬ್ಬಿಸಿದರು, ಮೇಣ ತಿಕ್ಕಿದ ದಾರದಿಂದ ನದಿಗಳನ್ನು ಹರಿಸಿದರು, ಮರುಭೂಮಿಗಳಿಗೆ ಮರಳು ಅಂಟಿಸಿದರು. ದೊಡ್ಡಮ್ಮ ತನ್ನ ಕಾಲದಲ್ಲಿ ಒಂದು ಪದ್ಧತಿ ಸೇರಿಸಿದಳು. ಶಾಲೆ ಮುಗಿಸುವ ಪ್ರತಿ ಮಗುವೂ ತಾನು ಹೋಗಬಯಸುವ ಜಾಗವನ್ನು ಬೆರಳಿನಿಂದ ಹುಡುಕಿ, ಅಲ್ಲಿ ತನ್ನ ಕೈಯಾರೆ ಒಂದು ಹಿತ್ತಾಳೆ ಮೊಳೆ ಹೊಡೆಯಬೇಕು. ಯಾವ ಮೊಳೆ ಯಾರದೆಂದು ಕೇಳಿದರೆ ದೊಡ್ಡಮ್ಮ ತಡವರಿಸದೆ ಹೇಳುತ್ತಿದ್ದಳು: “ಇವಳು ಮೀನು ಹಿಡಿಯೋರ ಜೊತೆ ಹೋಗಬೇಕು ಅಂದಿದ್ದಳು. ಇವನಿಗೆ ಹಿಮ ಮುಟ್ಟಬೇಕಿತ್ತು.”

ಅಕ್ಷದ ತಿರುಪು ಸಡಿಲವಾಗಿ ಗೋಳ ಓಲಾಡತೊಡಗಿದಾಗ, ಪ್ರದರ್ಶನ ಸಮಿತಿಯ ಅಧ್ಯಕ್ಷೆ ಅದನ್ನು ದುರಸ್ತಿಗೆಂದು ಒಯ್ದಿದ್ದರು. ಅವರ ಸುಗಂಧ ಅವರಿಗಿಂತ ಮೊದಲು ಬಂದು, ಅವರು ಹೋದ ಮೇಲೂ ಉಳಿಯುವುದರಿಂದ ದೊಡ್ಡಮ್ಮ ಅವರಿಗೆ ಇಟ್ಟ ಹೆಸರು ಅತ್ತರಮ್ಮ. ಪ್ರದರ್ಶನದ ದಿನ ಬಂದರೆ ಗೋಳ ಸಿಗುತ್ತದೆಂದು ಅತ್ತರಮ್ಮ ಮಾತು ಕೊಟ್ಟಿದ್ದರು. ಮರುದಿನ ಈ ವರ್ಷದ ಮಕ್ಕಳು ಮೊಳೆ ಹೊಡೆಯಬೇಕಿತ್ತು.

ಗೋಳ ಸಿಕ್ಕಿತು. ವೇದಿಕೆಯ ಪಕ್ಕದಲ್ಲಿ, ಕೆಂಪು ಹಗ್ಗದೊಳಗೆ, ದೀಪದ ಕೆಳಗೆ ಥಳಥಳಿಸುತ್ತಿತ್ತು. ಅದರ ಮೇಲೆ ಒಂದೂ ಪರ್ವತವಿರಲಿಲ್ಲ.

“ಯಾಕೆ ನಿಂತೆ?”

“ಸಿಕ್ತು ದೊಡ್ಡಮ್ಮ.”

“ಮತ್ತೆ ದನಿ ಯಾಕೆ ಒಡೆದ ಹಾಲಿನ ಹಾಗಿದೆ?”

ನಾನು ಉತ್ತರಿಸುವ ಮೊದಲೇ, ಪಕ್ಕದಲ್ಲಿ ಬಿಳಿ ಕೈಗವಸು ತೊಟ್ಟು ನಿಂತಿದ್ದ ದುರಸ್ತಿಗಾರ ಹೆಮ್ಮೆಯಿಂದ ವಿವರಿಸತೊಡಗಿದ. “ಪಾಪ, ಯಾರೋ ಇದರ ಗತಿ ಕೆಡಿಸಿಬಿಟ್ಟಿದ್ರು ಮೇಡಂ. ಮೈತುಂಬ ಮೊಳೆ, ಗಾರೆ, ದಾರ! ಎಲ್ಲ ಕಿತ್ತು, ತೂತು ಮುಚ್ಚಿ, ಮೂಲಸ್ಥಿತಿಗೆ ತಂದಿದೀನಿ. ಒಂದು ಗೀರು ತೋರಿಸಿ ನೋಡೋಣ.”

ನಾನು ಬಗ್ಗಿ ಹುಡುಕಿದೆ. ಒಂದೂ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅಷ್ಟೊಂದು ದ್ವೇಷಿಸಿದ್ದು ಅದೇ ಮೊದಲು.

ದೊಡ್ಡಮ್ಮನ ಕೈ ಆಗಲೇ ಹಗ್ಗ ದಾಟಿತ್ತು.

“ಅಮ್ಮಾ, ಮುಟ್ಟಬಾರದು!” ಕಾವಲುಗಾರ ಓಡಿಬಂದ. “ಬೋರ್ಡ್ ಕಾಣಲ್ವಾ?”

“ಕಾಣಲ್ಲಪ್ಪ,” ಎಂದಳು. ಅವನು ಅವಳ ಮುಖ ನೋಡಿ ಹಿಂದೆ ಸರಿದ.

ಅವಳ ಅಂಗೈಗಳು ಉತ್ತರ ಧ್ರುವದಿಂದ ಇಳಿದವು, ಒಂದು ಸುತ್ತು ಬಂದವು, ಮತ್ತೆ ಮೇಲೇರಿದವು. ಬೆರಳುಗಳು ಒಂದೊಂದು ಕಡೆ ನಿಂತು, ಏನೋ ಸಿಗಬೇಕಾದಲ್ಲಿ ಸಿಗದೆ, ಮುಂದೆ ಸರಿದವು.

“ಇದು ನಮ್ಮದಲ್ಲ. ಇದು ಕುಂಬಳಕಾಯಿ,” ಎಂದಳು.

ಅಷ್ಟರಲ್ಲಿ ಸುಗಂಧ ಬಂತು, ಹಿಂದೆಯೇ ಅಧ್ಯಕ್ಷೆ. “ಟೀಚರ್! ಎಷ್ಟು ಚಂದ ಆಗಿದೆ ಅಲ್ವಾ? ಹರಾಜಿನಲ್ಲಿ ಇದೇ ಕೊನೆಯ ವಸ್ತು, ಎಲ್ಲರ ಕಣ್ಣೂ ಇದರ ಮೇಲೇ.”

“ಮಕ್ಕಳ ಮೊಳೆ ಎಲ್ಲಿ?”

“ಆ ತುಕ್ಕು ಹಿಡಿದ ಮೊಳೆಗಳಾ?”

“ಹಿತ್ತಾಳೆ ತುಕ್ಕು ಹಿಡಿಯೋದಿಲ್ಲ,” ಎಂದೆ. “ವಾಪಸ್ ಕೊಡ್ತೀವಿ ಅಂದಿದ್ರಿ.”

“ಕೊಡ್ತಾ ಇದೀವಲ್ಲಮ್ಮ! ಬಂದದ್ದೆಲ್ಲ ಶಾಲೆಗೇ. ಪ್ಲಾಸ್ಟಿಕ್ ಗ್ಲೋಬ್ ತಗೊಳ್ಳಿ, ಒಂದಲ್ಲ ಹತ್ತು. ನಿಮ್ಮ ಕಾರ್ಯದರ್ಶಿಗಳೇ ಒಪ್ಪಿದಾರೆ.”

“ನನ್ನನ್ನ ಕೇಳಿದ್ರಾ?” ಎಂದಳು ದೊಡ್ಡಮ್ಮ.

“ನಿಮಗೆ ಸುಮ್ಮನೆ ತೊಂದರೆ ಯಾಕೆ ಅಂತ...”

“ನನಗೆ ಕಣ್ಣಿಲ್ಲ. ಬಾಯಿ ಇತ್ತಲ್ಲ.”

ದುರಸ್ತಿಗಾರ ಕೈಗವಸು ಕಳಚಿ, ತನ್ನ ಚೀಲದಿಂದ ಒಂದು ಗಾಜಿನ ಭರಣಿ ತೆಗೆದ. “ನಾನು ಕಿತ್ತಿದ್ದನ್ನ ಎಸೆಯೋದಿಲ್ಲಮ್ಮ. ಇದು ಮಕ್ಕಳದು ಅಂತ ನನಗೆ ಯಾರೂ ಹೇಳ್ಲಿಲ್ಲ.”

ದೊಡ್ಡಮ್ಮ ಭರಣಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಳು. “ಇದರಲ್ಲಿ ಹಿಮ ಮುಟ್ಟಬೇಕು ಅಂದವನ ಮೊಳೆ ಯಾವುದು, ಹೇಳು.”

ಅವನು ತಲೆ ತಗ್ಗಿಸಿದ. ತೂತುಗಳನ್ನೆಲ್ಲ ಅವನೇ ಮುಚ್ಚಿದ್ದ, ಗುರುತು ಉಳಿಯದಷ್ಟು ಚೆನ್ನಾಗಿ.

ಹರಾಜು ಕೊನೆಯ ವಸ್ತುವಿಗೆ ಬಂತು. ಕೂಗುವ ಮೊದಲು ಶಾಲೆಯ ಪರವಾಗಿ ಟೀಚರ್ ಎರಡು ಮಾತು ಧನ್ಯವಾದ ಹೇಳುತ್ತಾರೆಂದು ಅಧ್ಯಕ್ಷೆ ಘೋಷಿಸಿದರು. ಇದನ್ನೂ ಅವಳನ್ನು ಕೇಳಿರಲಿಲ್ಲ. ಗೋಳವನ್ನು ವೇದಿಕೆಗೆ ಏರಿಸಿದರು. ನಾನು ದೊಡ್ಡಮ್ಮನನ್ನು ಕೈಹಿಡಿದು ಹತ್ತಿಸಿದೆ. ಅವಳ ಕೈ ಬೆಂಕಿಯಂತಿತ್ತು.

“ಸುತ್ತಿಗೆ ಕೊಡಪ್ಪ,” ಎಂದಳು ಹರಾಜುಗಾರನಿಗೆ.

ಮೊದಲ ಪೆಟ್ಟು ಗೌರವಾರ್ಥ ಅವಳದೆಂದು ಭಾವಿಸಿ ಅವನು ನಗುತ್ತ ಮರದ ಸುತ್ತಿಗೆ ಕೊಟ್ಟ. ಸಭೆ ಚಪ್ಪಾಳೆ ತಟ್ಟಿತು. ಅವಳು ಭರಣಿಯಿಂದ ಒಂದು ಮೊಳೆ ತೆಗೆದಳು.

“ನಮ್ಮ ಶಾಲೆ ಎಲ್ಲಿದೆ, ತೋರಿಸೇ.”

ಅವಳ ತೋರುಬೆರಳನ್ನು ಹಿಡಿದು ಆ ಜಾಗಕ್ಕೆ ಒಯ್ದೆ. “ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಹಾಂ.”

ಸುತ್ತಿಗೆ ಬಿತ್ತು. ವಾರ್ನಿಷ್ ಮೊಳೆಯ ಸುತ್ತ ಜೇಡರ ಬಲೆಯಂತೆ ಬಿರುಕುಬಿಟ್ಟಿತು. ಚಪ್ಪಾಳೆ ನಿಂತಿತು.

“ಅಯ್ಯೋ, ಹಾಳಾಯ್ತಲ್ರೀ!” ಅತ್ತರಮ್ಮ ಕಿರುಚಿದರು. “ಇನ್ನು ಇದನ್ನ ಯಾರು ತಗೋತಾರೆ?”

“ನಾವು,” ಎಂದಳು ದೊಡ್ಡಮ್ಮ. ಧ್ವನಿವರ್ಧಕ ಅವಳ ಮುಂದೆಯೇ ಇತ್ತು. “ನೀವು ಕೊಟ್ಟಿದ್ದಕ್ಕೆ ಧನ್ಯವಾದ. ಕಿತ್ತಿದ್ದಕ್ಕೆ ಇಲ್ಲ.”

ಹರಾಜುಗಾರ ಎರಡು ಬಾರಿ ಕೂಗಿದ. ಮುಂದಿನ ಸಾಲಿನವರು ಬೆಲೆ ಹೇಳದೆ ತಮ್ಮ ಬೂಟುಗಳನ್ನು ನೋಡಿಕೊಂಡರು. ಗೋಳ ನಮಗೇ ಉಳಿಯಿತು. ಗೋಳವನ್ನು ನಮ್ಮ ಟ್ಯಾಕ್ಸಿಗೆ ಹೊತ್ತು ತಂದವನು ದುರಸ್ತಿಗಾರ. ನಾಳೆ ಗಾರೆ ತರಲೇ ಎಂದು ಕೇಳಿದ. ದೊಡ್ಡಮ್ಮ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಟ್ಯಾಕ್ಸಿಯ ಬಾಗಿಲು ಎಳೆದುಕೊಂಡಳು.

ದಾರಿಯುದ್ದಕ್ಕೂ ಅವಳ ಹೆಬ್ಬೆರಳು ಆ ಒಂಟಿ ಮೊಳೆಯ ಮೇಲಿತ್ತು. ತಿರುವುಗಳಲ್ಲಿ ಗೋಳ ಸ್ವಲ್ಪವೂ ಓಲಾಡಲಿಲ್ಲ. ಅಕ್ಷದ ದುರಸ್ತಿಯೊಂದು ಸರಿಯಾಗಿಯೇ ಆಗಿತ್ತು.

“ಸಿಟ್ಟು ಇಳಿತಾ ದೊಡ್ಡಮ್ಮ?”

“ಇಳಿಯೋದಕ್ಕೆ ಅದೇನು ಜ್ವರಾನಾ?” ಎಂದಳು. ತೊಡೆಯ ಮೇಲಿನ ಭರಣಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಎಲ್ಲರನ್ನೂ ಕರೆಸು. ದೊಡ್ಡವರಾಗಿರಲಿ, ದೂರ ಇರಲಿ. ಬಂದು ಮತ್ತೆ ಹೊಡೀಲಿ.”